ಮೇಷ್ಟ್ರ ಕೈಗೆ ಪಿಸ್ತೂಲು ಬೇಡ, ಮನೆಯ ಬೀರುವಿಗೆ ಬೀಗ ಬೇಕು

ಶಿಕ್ಷಕರು ಪಿಸ್ತೂಲು ಮರೆಮಾಡಿಕೊಂಡು ತರಗತಿಗೆ ಬರಬಹುದೆಂದು ಅಮೆರಿಕದ ಟೆನೆಸಿ ರಾಜ್ಯ 2024ರ ಏಪ್ರಿಲ್‌ನಲ್ಲಿ ಕಾನೂನು ಮಾಡಿತು. ಪರವಾನಗಿ, 40 ಗಂಟೆಯ ತರಬೇತಿ, ಮುಖ್ಯೋಪಾಧ್ಯಾಯರು ಮತ್ತು ಪೊಲೀಸರ ಒಪ್ಪಿಗೆ ಇರಬೇಕು. ಯಾವ ಶಿಕ್ಷಕರ ಬಳಿ ಪಿಸ್ತೂಲಿದೆ ಎಂಬುದು ಮಾತ್ರ ಮಕ್ಕಳ ತಂದೆತಾಯಿಗೂ ಗುಟ್ಟು. ಅದರ ಹಿಂದಿನ ವರ್ಷವಷ್ಟೇ ರಾಜ್ಯದ ರಾಜಧಾನಿ ನ್ಯಾಶ್‌ವಿಲ್‌ನ ಕವನೆಂಟ್ ಶಾಲೆಯಲ್ಲಿ ಮೂವರು ಮಕ್ಕಳು, ಮೂವರು ಸಿಬ್ಬಂದಿ ಗುಂಡೇಟಿಗೆ ಬಲಿಯಾಗಿದ್ದರು. ಅಪಾಯಕಾರಿಗಳ ಕೈಗೆ ಬಂದೂಕು ಸಿಗದಂತೆ ಮಾಡಿ ಎಂದು ಆ ಶಾಲೆಯ ಪೋಷಕರು ಶಾಸಕರ ಬಾಗಿಲು ತಟ್ಟಿದರು. ಶಾಸಕರು ಕೊಟ್ಟದ್ದು ಶಾಲೆಯೊಳಗೆ ಇನ್ನಷ್ಟು ಬಂದೂಕು.

ಇದು ದಿಕ್ಕು ತಪ್ಪಿದ ಶಾಸನ.

ಬಂದೂಕು ಹಿಡಿದವರು ಕಾವಲಿದ್ದರೆ ಮಕ್ಕಳು ಉಳಿಯುತ್ತಾರೆ ಎಂಬ ವಾದ 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯಲ್ಲಿ ಕುಸಿದುಬಿತ್ತು. ರಾಬ್ ಪ್ರಾಥಮಿಕ ಶಾಲೆಗೆ ಅಂದು ಬಂದ ಪೊಲೀಸರು ಮತ್ತು ಇತರ ಭದ್ರತಾ ಸಿಬ್ಬಂದಿ ಒಟ್ಟು 376 ಮಂದಿ. ಹಂತಕನನ್ನು ಎದುರಿಸಲು ಅವರು ತೆಗೆದುಕೊಂಡದ್ದು 77 ನಿಮಿಷ. 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತಾಗಲೂ ಆವರಣದಲ್ಲಿ ಶಸ್ತ್ರಧಾರಿ ಅಧಿಕಾರಿಯಿದ್ದರು; ಅವರು ಕಟ್ಟಡದ ಹೊರಗೇ ಉಳಿದರು. ತರಬೇತಾದ ಪೊಲೀಸರಿಗೇ ಕೈಲಾಗದ್ದನ್ನು ಗಣಿತದ ಮೇಷ್ಟ್ರು ಮಾಡಬೇಕೆನ್ನುವುದು ಕ್ರೂರವಾದ ನಿರೀಕ್ಷೆ.

ಕೇಳಬೇಕಾದ ಪ್ರಶ್ನೆ ಬೇರೆ: ಶಾಲೆಯ ಮೇಲೆ ದಾಳಿ ಮಾಡುವ ಹುಡುಗನ ಕೈಗೆ ಬಂದೂಕು ಬಂದದ್ದೆಲ್ಲಿಂದ? ಶಾಲಾ ದಾಳಿಗಳ ಬಗ್ಗೆ ಅಮೆರಿಕದ ಸೀಕ್ರೆಟ್ ಸರ್ವಿಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಬಂದೂಕು ಬಳಸಿದ ದಾಳಿಕೋರರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಅದನ್ನು ತಂದದ್ದು ತಂದೆತಾಯಿಯ ಇಲ್ಲವೇ ಹತ್ತಿರದ ಬಂಧುಗಳ ಮನೆಯಿಂದ. 2021ರಲ್ಲಿ ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ 15ರ ಹುಡುಗನ ಪಿಸ್ತೂಲನ್ನು ಅಪ್ಪ ಕೊಂಡುತಂದಿದ್ದು ಕೇವಲ ನಾಲ್ಕು ದಿನ ಮೊದಲು. ಆ ತಂದೆತಾಯಿ ಇಬ್ಬರಿಗೂ 2024ರಲ್ಲಿ ಕನಿಷ್ಠ ಹತ್ತು ವರ್ಷದ ಸೆರೆವಾಸವಾಯಿತು. ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಲೇಬೇಕೆಂಬ ಕಾನೂನನ್ನು ಮಿಷಿಗನ್ ಮಾಡಿದ್ದು 2023ರಲ್ಲಿ, ನಾಲ್ಕು ಮಕ್ಕಳು ಮಣ್ಣಾದ ಮೇಲೆ.

ಬಂದೂಕು ಹಿಡಿಯುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು, ಅದಕ್ಕೆ ಕೈಹಚ್ಚುವಂತಿಲ್ಲ ಎನ್ನುವವರು ಫ್ಲಾರಿಡಾವನ್ನು ನೋಡಲಿ. ಪಾರ್ಕ್‌ಲ್ಯಾಂಡ್ ಹತ್ಯೆ ನಡೆದು ತಿಂಗಳು ತುಂಬುವ ಮೊದಲೇ ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್, ರಿಪಬ್ಲಿಕನ್ ಬಹುಮತದ ಶಾಸನಸಭೆ ಒಪ್ಪಿದ ಮಸೂದೆಗೆ ಸಹಿ ಹಾಕಿದರು. ಬಂದೂಕು ಕೊಳ್ಳುವ ವಯಸ್ಸು 21ಕ್ಕೆ ಏರಿತು. ಅಪಾಯಕಾರಿ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದವರಿಂದ ಬಂದೂಕನ್ನು ತಾತ್ಕಾಲಿಕವಾಗಿ ಕಸಿದುಕೊಳ್ಳುವ ಅಧಿಕಾರ ಬಂತು. ರಾಷ್ಟ್ರೀಯ ರೈಫಲ್ ಸಂಘ ಅಂದೇ ವಯೋಮಿತಿಯ ವಿರುದ್ಧ ಕೋರ್ಟಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ವಯೋಮಿತಿಯನ್ನು ಎತ್ತಿಹಿಡಿಯಿತು. ಶಾಲೆಯ ಸಿಬ್ಬಂದಿಗೆ ಶಸ್ತ್ರ ಕೊಡುವ ಯೋಜನೆಯೂ ಅದೇ ಕಾನೂನಿನಲ್ಲಿ ಸೇರಿದ್ದು ಅದರ ದೋಷ.

ವಾಷಿಂಗ್‌ಟನ್‌ನ ಫೆಡರಲ್ ಸರ್ಕಾರ ಮಾತ್ರ ಕುಂಟುತ್ತಿದೆ. ಸ್ಯಾಂಡಿ ಹುಕ್ ಶಾಲೆಯ ಗುಂಡಿನ ದಾಳಿಯಲ್ಲಿ 20 ಎಳೆಯ ಮಕ್ಕಳು ಸತ್ತ ನಂತರ, 2013ರಲ್ಲಿ, ಖರೀದಿದಾರರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ 54 ಮತ ಬಿತ್ತು, ಬೇಕಿದ್ದದ್ದು 60. ಯುವಾಲ್ಡಿಯ ನಂತರ ಬಂದ 2022ರ ಕಾಯ್ದೆ 21ರ ಒಳಗಿನವರ ಪರಿಶೀಲನೆಯನ್ನು ಬಿಗಿಗೊಳಿಸಿತು, ಮಾನಸಿಕ ಆರೋಗ್ಯಕ್ಕೆ ಹಣ ಕೊಟ್ಟಿತು. ವಯಸ್ಸಿನ ಮಿತಿ ಏರಲಿಲ್ಲ, ಮನೆಯ ಬಂದೂಕಿಗೆ ಬೀಗ ಕಡ್ಡಾಯವಾಗಲಿಲ್ಲ. 2020ರಿಂದ ಆ ದೇಶದಲ್ಲಿ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಇದೇ ಶಾಲೆಗಳಲ್ಲಿ ಓದುತ್ತಾರೆ. ದೀಪ ಆರಿಸಿ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಕವಾಯತು ಅವರಿಗೂ ಉಂಟು. ಅಲ್ಲಿನ ಪೌರತ್ವ ಪಡೆದ ಕನ್ನಡಿಗರಿಗೆ ಮತವಿದೆ. ಮತ ಕೇಳಲು ಬರುವ ಅಭ್ಯರ್ಥಿಯನ್ನು, ಅವರು ಯಾವ ಪಕ್ಷದವರೇ ಆಗಲಿ, ಎರಡು ಪ್ರಶ್ನೆ ಕೇಳಬೇಕು: ಮನೆಯ ಬಂದೂಕಿಗೆ ಬೀಗ ಕಡ್ಡಾಯ ಮಾಡುವಿರಾ? ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವಿರಾ? ಹೌದೆನ್ನದವರಿಗೆ ಮತ ಕೊಡಬೇಡಿ.