ಅಳೆಯುವವರೂ ಕಲಿಯಬೇಕು

ಮೈಯಲ್ಲಿ ಜ್ವರವಿದ್ದರೆ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯುವುದುಂಟು. ಎಷ್ಟು ಹೇಳಿದರೂ ಪಾಠ ತಲೆಗೆ ಹತ್ತದ, ತರಗತಿಯಲ್ಲಿ ಬಾಯಿಯನ್ನೇ ಬಿಡದ ಮಗುವನ್ನು ಯಾರ ಬಳಿಗೆ ಒಯ್ಯಬೇಕು? ಅಮೆರಿಕದಲ್ಲಿ ಇದಕ್ಕೆ ಒಂದು ಶತಮಾನಕ್ಕೂ ಹಿಂದೆಯೇ ಉತ್ತರದ ಹುಡುಕಾಟ ಮೊದಲಾಯಿತು. 1896ರಲ್ಲಿ ಲೈಟ್ನರ್ ವಿಟ್ಮರ್ ಎಂಬ ವಿದ್ವಾಂಸ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಚಿಕಿತ್ಸಾಲಯವೊಂದನ್ನು ತೆರೆದನು. ಅಲ್ಲಿಗೆ ಮೊದಲು ಬಂದವನು, ಪದಗಳನ್ನು ತಪ್ಪಿಲ್ಲದೆ ಬರೆಯಲಾರದ ಒಬ್ಬ ಬಾಲಕ. ಕರೆತಂದವಳು ಅವನ ಉಪಾಧ್ಯಾಯಿನಿ. ಪರೀಕ್ಷಿಸಿ ನೋಡಿದರೆ ಆ ಹುಡುಗನ ಕಣ್ಣಿನಲ್ಲಿಯೇ ದೋಷವಿದ್ದಿತು! 1915ರಲ್ಲಿ ಕನೆಕ್ಟಿಕಟ್ ರಾಜ್ಯವು ಆರ್ನಲ್ಡ್ ಗೆಸೆಲ್‌ನನ್ನು ಶಾಲಾ ಮನಶ್ಶಾಸ್ತ್ರಜ್ಞನೆಂಬ ಹೆಸರಿನಿಂದಲೇ ನೇಮಿಸಿತು. ಹೀಗೆ ಹೊಸ ವೃತ್ತಿಯೊಂದು ಹುಟ್ಟಿತು.

ಆದರೆ ಅಳತೆಗೋಲು ಕೈಯಲ್ಲಿದ್ದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕೋ ಮೂಲದ ಒಂಬತ್ತು ಮಕ್ಕಳನ್ನು 'ಮಂದಬುದ್ಧಿ'ಯವರ ತರಗತಿಗೆ ಸೇರಿಸಲಾಗಿತ್ತು. ಅವರ ಮನೆಮಾತು ಸ್ಪ್ಯಾನಿಷ್. ಬುದ್ಧಿಯನ್ನು ಅಳೆದದ್ದು ಇಂಗ್ಲಿಷಿನಲ್ಲಿ. ಎರಡು ಭಾಷೆಗಳನ್ನೂ ಬಲ್ಲ ಪರೀಕ್ಷಕರು ಮತ್ತೆ ಅಳೆದಾಗ ಒಂಬತ್ತರಲ್ಲಿ ಏಳು ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲವೆಂದು ಕಂಡುಬಂದಿತು. 1970ರಲ್ಲಿ ಮೊಕದ್ದಮೆ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿ, ಮಗುವನ್ನು ಅದರ ಮಾತೃಭಾಷೆಯಲ್ಲಿಯೂ ಪರೀಕ್ಷಿಸಬೇಕೆಂಬ ಒಪ್ಪಂದದಲ್ಲಿ ಮುಗಿಯಿತು. 1975ರ ರಾಷ್ಟ್ರೀಯ ಕಾನೂನು, ಒಂದೇ ಪರೀಕ್ಷೆಯನ್ನು ನಂಬಿ ಮಗುವಿನ ಗತಿಯನ್ನು ನಿರ್ಧರಿಸಕೂಡದೆಂದು ವಿಧಿಸಿತು.

ಆ ಮಕ್ಕಳಿಗೆ ಅನ್ಯಾಯವಾದದ್ದು ಯಾರ ದುರುದ್ದೇಶದಿಂದಲೂ ಆಗಿರಬೇಕಾಗಿಲ್ಲ. ಪರೀಕ್ಷಕರು ಪದವಿ ಪಡೆದಾಗ ಕಲಿತದ್ದನ್ನೇ ಮಾಡಿದ್ದರೂ ಸಾಕು, ಅನ್ಯಾಯ ನಡೆದೇ ಹೋಗುತ್ತದೆ. ಆದುದರಿಂದ ಈ ವೃತ್ತಿಯವರಿಗೆ ಕಲಿಕೆಯು ಪದವಿಯೊಂದಿಗೆ ಮುಗಿಯಲಾರದು. 1969ರಲ್ಲಿ ಸೇಂಟ್ ಲೂಯಿ ನಗರದಲ್ಲಿ ಸ್ಥಾಪಿತವಾದ ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘವು ಅರ್ಹರಿಗೆ ನೀಡುವ ಪ್ರಮಾಣಪತ್ರ ಮೂರು ವರ್ಷಗಳಿಗೊಮ್ಮೆ ಹೊಸದಾಗಬೇಕು. ಅದಕ್ಕೆ ಆ ಅವಧಿಯಲ್ಲಿ 75 ಗಂಟೆಗಳ ಕಲಿಕೆಯನ್ನು ತೋರಿಸಬೇಕು. ವೃತ್ತಿಧರ್ಮದ ಅಧ್ಯಯನವೂ ಅದರಲ್ಲಿ ಸೇರಿದೆ. ವಾರ್ಷಿಕ ಸಮ್ಮೇಳನ, ತರಬೇತಿ ಶಿಬಿರಗಳು ಇರುವುದು ಇದಕ್ಕಾಗಿಯೇ.

ಕಲಿತರಷ್ಟೇ ಸಾಲದು, ಬಾಯಿ ಬಿಟ್ಟು ಹೇಳಲೂ ಬೇಕು. ಐನೂರು ವಿದ್ಯಾರ್ಥಿಗಳಿಗೆ ಒಬ್ಬರಾದರೂ ಮನಶ್ಶಾಸ್ತ್ರಜ್ಞರಿರಬೇಕೆಂಬುದು ಸಂಘದ ಸಲಹೆ. ದೇಶದ ಸರಾಸರಿಯಲ್ಲಿ ಒಬ್ಬರ ಪಾಲಿಗೆ ಸಾವಿರಕ್ಕೂ ಹೆಚ್ಚು ಮಕ್ಕಳು ಬೀಳುತ್ತಾರೆ. ಅಷ್ಟು ಮಂದಿಯ ನಡುವೆ ಒಂದು ಮಗುವಿನ ಮನಸ್ಸನ್ನು ಬಿಚ್ಚಿ ನೋಡಲು ವ್ಯವಧಾನವೆಲ್ಲಿ? ಆದುದರಿಂದ, ಶಾಸನಕರ್ತರನ್ನು ಕಂಡು ಶಾಲೆಯ ಸ್ಥಿತಿಯನ್ನು ತಿಳಿಯ ಹೇಳುವುದು ಹೇಗೆಂಬುದನ್ನೂ ಸಂಘ ತನ್ನ ಸದಸ್ಯರಿಗೆ ಕಲಿಸುತ್ತದೆ. ಇದು ಸಂಬಳಕ್ಕಾಗಿ ನಡೆಸುವ ಹೋರಾಟವೆಂದು ಮೂಗು ಮುರಿಯುವವರೂ ಇರಬಹುದು. ಆದರೆ ಚುನಾವಣೆಯಲ್ಲಿ ಮತವಿಲ್ಲದ ಮಕ್ಕಳ ಪರವಾಗಿ ವಕಾಲತ್ತು ವಹಿಸಲು ಅವರನ್ನು ಹತ್ತಿರದಿಂದ ಬಲ್ಲವರಿಗಿಂತ ಯೋಗ್ಯರು ಯಾರು?

ಈ ಮಾತು ಕನ್ನಡಿಗರಿಗೆ ದೂರದ್ದಲ್ಲ. ಪರದೇಶದ ಬುದ್ಧಿಪರೀಕ್ಷೆ ಇಲ್ಲಿಯ ಮಕ್ಕಳಿಗೆ ಹಾಗೆಯೇ ಒಗ್ಗದೆಂದು ಅರಿತು, ವಿ. ವಿ. ಕಾಮತರು 1930ರ ದಶಕದಲ್ಲಿಯೇ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ರೂಪಾಂತರಿಸಿದರು. ಕ್ಯಾಲಿಫೋರ್ನಿಯದ ನ್ಯಾಯಾಲಯ ಕೇಳಿದ ಪ್ರಶ್ನೆಯನ್ನು ಅವರು ಮೂರು ದಶಕಗಳಿಗೂ ಮೊದಲೇ ಕೇಳಿಕೊಂಡಿದ್ದರೆಂಬುದು ಅಭಿಮಾನದ ಸಂಗತಿ.

ಮಗುವಿನ ಬುದ್ಧಿಯ ಅಂಕಿಯನ್ನು ಬರೆದ ಕಾಗದ ಮನೆಗೆ ಬಂದರೆ ತಂದೆತಾಯಿಗಳು ಎದೆಗುಂದಬೇಕಾಗಿಲ್ಲ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು, ಕಣ್ಣು ಕಿವಿಗಳನ್ನು ನೋಡಿದ್ದಾಯಿತೇ, ಬೇರೆ ಯಾವ ಆಧಾರವಿದೆ ಎಂದು ವಿನಯದಿಂದ ಕೇಳಲಿ. ಕಲಿಕೆಯನ್ನು ಬಿಡದ ಪರೀಕ್ಷಕರು ಆ ಪ್ರಶ್ನೆಗಳಿಗೆ ಮುನಿಯುವುದಿಲ್ಲ.