ಬಾಲ್ಯದ ನೋವು ದಾಂಪತ್ಯವನ್ನು ಕೆಡಿಸುತ್ತದೆಯೇ? ಈ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

‘ಬಾಲ್ಯದಲ್ಲಿ ಪ್ರೀತಿ ಸಿಗದವರು ಮುಂದೆ ಯಾರನ್ನೂ ಪ್ರೀತಿಸಲಾರರು’ ಎನ್ನುವಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತವೆ. ಅದೇ ಗುಂಪಿನಲ್ಲಿ ‘ಕಾಲವೇ ಎಲ್ಲ ಗಾಯಕ್ಕೂ ಮದ್ದು’ ಎಂದೂ ಬರುತ್ತದೆ. ಎರಡೂ ಅರ್ಧ ಸತ್ಯ.

ಒಂದು ಉದಾಹರಣೆ ನೋಡಿ. ಹೆಂಡತಿ ಕಳಿಸಿದ ಮೆಸೇಜ್‌ಗೆ ನೀಲಿ ಗುರುತು ಬಿದ್ದಿದೆ, ಎರಡು ಗಂಟೆಯಾದರೂ ಗಂಡನ ಉತ್ತರವಿಲ್ಲ. ಅವನು ಮೀಟಿಂಗ್‌ನಲ್ಲಿದ್ದಾನೆ, ಅಷ್ಟೇ. ಇವಳ ಎದೆ ಮಾತ್ರ ಢವಢವ ಎನ್ನುತ್ತದೆ, ಸಂಜೆ ಅವನು ಬಾಗಿಲು ದಾಟುತ್ತಿದ್ದಂತೆ ಜಗಳ. ಸಿಟ್ಟು ಬಂದಾಗಲೆಲ್ಲ ಅಪ್ಪ ವಾರಗಟ್ಟಲೆ ಮಾತು ಬಿಡುತ್ತಿದ್ದ ಮನೆಯಲ್ಲಿ ಬೆಳೆದವಳಿಗೆ ಮೌನವೆಂದರೆ ಶಿಕ್ಷೆ. ಗಂಡನಿಗೆ ಇದು ಗೊತ್ತಿಲ್ಲ. ಎಷ್ಟೋ ಸಲ ಅವಳಿಗೂ ಗೊತ್ತಿರುವುದಿಲ್ಲ.

ಅಪಾಯವನ್ನು ಗುರುತಿಸುವಲ್ಲಿ ಮಿದುಳಿನ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಭಾಗಕ್ಕೆ ದೊಡ್ಡ ಪಾತ್ರವಿದೆ. ಹಿಂದೆ ನೋಯಿಸಿದ್ದನ್ನು ಹೋಲುವುದೇನಾದರೂ ಕಂಡರೆ, ನಾವು ಯೋಚಿಸುವ ಮೊದಲೇ ದೇಹ ಎಚ್ಚರಗೊಳ್ಳುತ್ತದೆ. ಹಾವಿಗೆ ಹೆದರಿದವರು ಹಗ್ಗ ಕಂಡು ಬೆಚ್ಚಿದ ಹಾಗೆ. ಬರೀ ಕಾಲ ಕಳೆದರೆ ಸಾಲದು ಎನ್ನುವುದೂ ಇದಕ್ಕೇ: ಹಗ್ಗ ಕಂಡಾಗಲೆಲ್ಲ ಓಡಿಹೋದರೆ ಅದು ಹಾವಲ್ಲ ಎಂದು ತಿಳಿಯುವುದಾದರೂ ಯಾವಾಗ?

ಮಗುವಿಗೆ ಸಿಕ್ಕ ಆಸರೆ ಮುಂದಿನ ಸಂಬಂಧಗಳನ್ನೂ ರೂಪಿಸುತ್ತದೆ ಎಂದು ವಾದಿಸಿದವರು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ. 1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಇದನ್ನು ಪ್ರೇಮ ಸಂಬಂಧಕ್ಕೆ ಅನ್ವಯಿಸಿ ನೋಡಿದರು. ಅಮೆರಿಕದ ಡೆನ್ವರ್‌ನ ಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಪ್ರಕಟಿಸಿ, 620 ಓದುಗರ ಉತ್ತರಗಳನ್ನು ಪರಿಶೀಲಿಸಿದರು. ಸುಮಾರು 56% ಜನ ಸಂಗಾತಿಯೊಂದಿಗೆ ನಿರಾಳವಾಗಿದ್ದರು. 25% ಹತ್ತಿರವಾಗಲು ಹಿಂಜರಿಯುವವರು, 19% ಕೈಬಿಟ್ಟುಹೋದಾರೆಂಬ ಆತಂಕದವರು. ಇಷ್ಟಪಟ್ಟು ಉತ್ತರಿಸಿದವರ ಲೆಕ್ಕವಿದು, ಎಲ್ಲ ಊರಿಗೂ ಅನ್ವಯಿಸಬೇಕಿಲ್ಲ.

ಹಾಗಾದರೆ ಬಾಲ್ಯವೇ ಹಣೆಬರಹವೇ? ಅಲ್ಲ. ಮೇರಿ ಮೇನ್ ಮತ್ತು ಸಂಗಡಿಗರು ದೊಡ್ಡವರನ್ನು ಕೂರಿಸಿ ಅವರ ಬಾಲ್ಯದ ಬಗ್ಗೆ ದೀರ್ಘವಾಗಿ ಮಾತಾಡಿಸುವ ಸಂದರ್ಶನ ವಿಧಾನವೊಂದನ್ನು ರೂಪಿಸಿದರು. ಅದರಲ್ಲಿ ಮುಖ್ಯವಾದದ್ದು ಬಾಲ್ಯ ಎಷ್ಟು ಕಷ್ಟದ್ದಾಗಿತ್ತು ಎನ್ನುವುದಲ್ಲ, ಅದನ್ನು ಈಗ ಮುಚ್ಚಿಡದೆ, ಅದರಲ್ಲೇ ಮುಳುಗದೆ ಹೇಳಬಲ್ಲರೇ ಎನ್ನುವುದು. ಕಹಿ ಬಾಲ್ಯ ಕಂಡೂ ಹಾಗೆ ಹೇಳಬಲ್ಲವರು ಇದ್ದಾರೆ. ಸಂಶೋಧಕರು ಇದನ್ನು ‘ಗಳಿಸಿಕೊಂಡ ಭದ್ರತೆ’ ಎನ್ನುತ್ತಾರೆ. ನಂಬಿಕಸ್ತ ಸಂಗಾತಿ, ಅಜ್ಜಿ, ಆಪ್ತಸಮಾಲೋಚಕರು, ಯಾರಾದರೂ ಇದಕ್ಕೆ ನೆರವಾಗಬಲ್ಲರು.

ಒಂದು ಎಚ್ಚರಿಕೆ. ‘ಪಾಪ, ಅವನಿಗೆ ಹಳೆಯ ನೋವಿದೆ’ ಎಂದು ಹೊಡೆತ, ಬೈಗುಳವನ್ನು ಸಹಿಸಬೇಕಿಲ್ಲ. ಅದು ಇಂದಿನ ಹಿಂಸೆ. ಅದಕ್ಕೆ ಮಹಿಳಾ ಸಹಾಯವಾಣಿ 181 ಇದೆ. ಮನಸ್ಸಿನ ಭಾರಕ್ಕೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್, 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.