ಘಟ್ಟದ ಮೇಲೊಂದು ದಿನ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ದೂರದಿಂದ ಅಂದವಾಗಿ ಕಂಡದ್ದು ಹತ್ತಿರ ಹೋದಾಗ ಹಾಗಿರಲಾರದು ಎಂದು ಎಚ್ಚರಿಸುವುದು ಅದರ ಉದ್ದೇಶ. ಆದರೆ ಈ ಗಾದೆಯಲ್ಲಿ ಇನ್ನೊಂದು ಮಾತೂ ಅಡಗಿದೆ. ನುಣ್ಣಗೆ ಕಾಣುವ ಬೆಟ್ಟದಲ್ಲಿ ಕಲ್ಲಿದೆ, ಕಾಡಿದೆ, ನೀರಿದೆ, ಲೆಕ್ಕವಿಲ್ಲದಷ್ಟು ಜೀವಿಗಳಿವೆ. ಹತ್ತಿರ ಹೋಗಿ, ನಿಂತು, ನೋಡಿದವನಿಗೆ ಮಾತ್ರ ಅವು ತಿಳಿಯುತ್ತವೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಜನರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅವರಿಗೆ ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ. ಕಡಲನ್ನು ಅವರು ದಿನವೂ ಕಾಣುತ್ತಾರೆ. ಘಟ್ಟಕ್ಕೆ ಬಿಡುವಿನ ದಿನವೊಂದರಲ್ಲಿ ಹೋಗಿಬರುತ್ತಾರೆ.

ಹಾಗೆ ಹೋಗಿಬರುವ ಊರುಗಳಲ್ಲಿ ಆಗುಂಬೆ ಪ್ರಸಿದ್ಧವಾದುದು. ಉಡುಪಿಯಿಂದ ಅದು ಸುಮಾರು 55 ಕಿಲೋಮೀಟರ್ ದೂರದಲ್ಲಿದೆ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿಗಳನ್ನು ದಾಟಿ ಸೋಮೇಶ್ವರವನ್ನು ತಲುಪಿದರೆ ಅಲ್ಲಿಂದ ಘಟ್ಟದ ಏರು ಆರಂಭವಾಗುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳನ್ನು ಹತ್ತಿ ಮುಗಿಸುವ ಹೊತ್ತಿಗೆ ನಾವು ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುತ್ತೇವೆ. ತಿರುವುಗಳು ಇಕ್ಕಟ್ಟಾದುದರಿಂದ ಈ ದಾರಿಯಲ್ಲಿ ಬಹುಕಾಲದಿಂದ ಚಿಕ್ಕ ಬಸ್ಸುಗಳೇ ಓಡಾಡುತ್ತ ಬಂದಿವೆ.

ಇಂದು ಈ ಪ್ರಯಾಣ ನಡೆಯುವ ಬಗೆಯನ್ನು ನೋಡಿರಿ. ಮಧ್ಯಾಹ್ನದ ಊಟ ಮುಗಿಸಿ ಕಾರು ಹತ್ತುತ್ತಾರೆ. ವೇಗವಾಗಿ ಘಟ್ಟವನ್ನೇರುತ್ತಾರೆ. ಸೂರ್ಯಾಸ್ತವನ್ನು ನೋಡುವ ಕಟ್ಟೆಯ ಮೇಲೆ ನಿಂತು ಹತ್ತಾರು ಚಿತ್ರಗಳನ್ನು ತೆಗೆದುಕೊಳ್ಳುತ್ತಾರೆ. ತಿಂಡಿಯ ಪೊಟ್ಟಣವನ್ನು ತಡೆಗೋಡೆಯ ಆಚೆಗೆ ಎಸೆದು, ಕತ್ತಲಾಗುವ ಮುನ್ನ ಇಳಿದುಬಿಡುತ್ತಾರೆ. ‘ಆಗುಂಬೆ ನೋಡಿ ಬಂದೆವು’ ಎಂದು ಹೇಳಿಕೊಳ್ಳುತ್ತಾರೆ. ಆದರೆ ಅವರು ನೋಡಿದ್ದು ಸೂರ್ಯನನ್ನು, ಆಗುಂಬೆಯನ್ನಲ್ಲ. ಸೂರ್ಯ ಕಾಪುವಿನ ಕಡಲತೀರದಲ್ಲಿಯೂ ಮುಳುಗುತ್ತಾನೆ. ಅವನನ್ನು ಕಾಣಲು ಘಟ್ಟವನ್ನು ಹತ್ತಬೇಕಾಗಿಲ್ಲ.

ಹಾಗಾದರೆ ಘಟ್ಟವನ್ನು ಏಕೆ ಹತ್ತಬೇಕು? ನಮ್ಮ ಬಾಳು ಯಾವುದರಿಂದ ನಡೆಯುತ್ತಿದೆಯೋ ಅದರ ಮೂಲವನ್ನು ಅರಿಯುವುದಕ್ಕಾಗಿ ಹತ್ತಬೇಕು ಎಂಬುದು ನನ್ನ ಅಭಿಪ್ರಾಯ.

ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ತರುತ್ತದೆ. ಕರಾವಳಿಯನ್ನು ದಾಟಿದ ಅದಕ್ಕೆ ಸಹ್ಯಾದ್ರಿಯ ಗೋಡೆ ಅಡ್ಡವಾಗುತ್ತದೆ. ಗಾಳಿ ಮೇಲೇರಲೇಬೇಕು, ಮೇಲೇರಿದಂತೆ ತಣ್ಣಗಾಗಬೇಕು, ತಣ್ಣಗಾದಂತೆ ತನ್ನ ತೇವವನ್ನು ಮಳೆಯಾಗಿ ಸುರಿಸಬೇಕು. ಹೀಗಾಗಿ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಾಪುವಿನ ಕಡಲಿನ ನೀರೇ ಆಗುಂಬೆಯ ಮಳೆಯಾಗುತ್ತದೆಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಆಗುಂಬೆ ನಿಂತಿರುವುದು ಮನೆಯ ಮಾಡಿನ ನೆತ್ತಿಯಂತಹ ಸ್ಥಳದಲ್ಲಿ. ಪಡುವಣ ಇಳಿಜಾರಿನಲ್ಲಿ ಬಿದ್ದ ಹನಿ ಸೀತಾ ನದಿಯನ್ನು ಸೇರಿ, ಹೆಬ್ರಿ, ಬಾರ್ಕೂರುಗಳ ಕಡೆಯಿಂದ ಹರಿದು, ಅರಬ್ಬೀ ಸಮುದ್ರಕ್ಕೆ ಮರಳುತ್ತದೆ. ಮೂಡಣ ಇಳಿಜಾರಿನಲ್ಲಿ ಬಿದ್ದ ಹನಿ ಮಾಲತಿ ಹೊಳೆಯನ್ನು ಸೇರುತ್ತದೆ. ಮಾಲತಿ ತುಂಗೆಯನ್ನು, ತುಂಗೆ ಭದ್ರೆಯನ್ನು, ತುಂಗಭದ್ರೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯವರೆಗೆ ಸಾಗುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ಕಡಲುಗಳನ್ನು ಸೇರುವ ಇಂತಹ ತಾಣ ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿದೆ. ಇದನ್ನು ತಿಳಿಯದೆ ಹಿಂದಿರುಗುವವನು ಪುಸ್ತಕದ ಹೊದಿಕೆಯನ್ನಷ್ಟೇ ನೋಡಿದವನು.

ಈ ತಿಳಿವಳಿಕೆ ಕೇವಲ ಭೂಗೋಳದ ಪಾಠವಲ್ಲ. ಸೀತೆಯಂತೆಯೇ ಸ್ವರ್ಣಾ ನದಿಯೂ ಘಟ್ಟದಲ್ಲಿ ಹುಟ್ಟಿ, ಕಾರ್ಕಳದ ಸೀಮೆಯಲ್ಲಿ ಹರಿದು ಬರುತ್ತದೆ. ಮಣಿಪಾಲದ ಗುಡ್ಡದಂಚಿನಲ್ಲಿ ನಿಂತರೆ ಕೆಳಗೆ ಬಳುಕುತ್ತ ಹರಿಯುವುದು ಅದೇ ನದಿ. ಹಿರಿಯಡ್ಕದ ಸಮೀಪದ ಬಜೆಯಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟಿನಿಂದ ಉಡುಪಿ ನಗರಕ್ಕೆ ಕುಡಿಯುವ ನೀರು ಬರುತ್ತದೆ. 2019ರ ಬೇಸಿಗೆಯಲ್ಲಿ ಬಜೆಯ ನೀರು ತಳ ಕಂಡಿತು; ನಗರದ ಜನ ನೀರಿಗಾಗಿ ಬವಣೆಪಟ್ಟರು. ಮಳೆಗಾಲದಲ್ಲಿ ಅಂಗಳವೆಲ್ಲ ಹೊಳೆಯಾಗುವ ನಾಡಿನಲ್ಲಿ ಬೇಸಿಗೆಗೆ ಕೊಡ ನೀರಿಗೂ ಬರ! ಘಟ್ಟದ ಕಾಡು ಮಳೆಯ ನೀರನ್ನು ತರಗೆಲೆಯ ಹಾಸಿನಲ್ಲಿ, ಬೇರುಗಳ ನಡುವಿನ ಮಣ್ಣಿನಲ್ಲಿ ಇಂಗಿಸಿಕೊಂಡು, ಮಳೆ ನಿಂತ ಮೇಲೆ ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಕಾಡು ತೆಳುವಾದಷ್ಟೂ ನೀರು ಬೇಗನೆ ಕಡಲಿಗೆ ಓಡಿಹೋಗುತ್ತದೆ. ಆದ್ದರಿಂದ ಘಟ್ಟದ ಕಾಡಿನ ಅಳಿವು ಉಳಿವು ಕೆಳಗಿನ ಊರಿನ ಬಾವಿಯ ಅಳಿವು ಉಳಿವೂ ಹೌದು.

ಆ ಕಾಡಿನಲ್ಲಿ ನಮಗಿಂತ ಹಿಂದಿನಿಂದ ನೆಲೆಸಿದ ಒಕ್ಕಲುಗಳಿವೆ. 1974ರಲ್ಲಿ ಸ್ಥಾಪನೆಗೊಂಡ ಸೋಮೇಶ್ವರ ವನ್ಯಜೀವಿಧಾಮದಲ್ಲಿ ಸಿಂಗಳೀಕಗಳಿವೆ. ಎಲೆಗಳನ್ನು ಗುಡ್ಡೆಮಾಡಿ ಗೂಡು ಕಟ್ಟಿ ಮೊಟ್ಟೆಯಿಡುವ ಕಾಳಿಂಗ ಸರ್ಪ ಆಗುಂಬೆಯ ಸುತ್ತಮುತ್ತ ವಾಸಿಸುತ್ತದೆ. ಉರಗತಜ್ಞ ರೋಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದರು. 2012ರಲ್ಲಿ ಯುನೆಸ್ಕೋ ಸಂಸ್ಥೆ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಸೋಮೇಶ್ವರವೂ ಅವುಗಳಲ್ಲಿ ಒಂದಾಯಿತು. ಇಂತಹ ದಾರಿಯಲ್ಲಿ ನಾವು ಮಾಡುವುದೇನು? ತಿರುವಿನಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಬಿಸ್ಕತ್ತು ಎಸೆಯುತ್ತೇವೆ. ಅದು ದಯೆಯೆಂದು ನಮಗೆ ತೋರುತ್ತದೆ. ಆದರೆ ಕೈ ತುತ್ತಿಗೆ ಒಗ್ಗಿದ ಕೋತಿ ಕಾಡಿನ ಹಣ್ಣನ್ನು ಅರಸುವುದನ್ನು ಬಿಟ್ಟು ರಸ್ತೆಯಂಚಿನಲ್ಲಿ ಕಾದು ಕುಳಿತು, ಒಂದು ದಿನ ಚಕ್ರಕ್ಕೆ ಸಿಕ್ಕಿ ಸಾಯುತ್ತದೆ. ಅರಿವಿಲ್ಲದ ದಯೆಯೂ ಹಿಂಸೆಯಾಗಬಲ್ಲದು.

‘ದುಡಿದು ದಣಿದವರು ಮನಸ್ಸಿನ ಹಗುರಕ್ಕಾಗಿ ಹೋಗುತ್ತಾರೆ, ಅಲ್ಲಿಯೂ ಪಾಠವೇಕೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದುದೇ. ವಿಶ್ರಾಂತಿ ಎಲ್ಲರಿಗೂ ಬೇಕು. ಆದರೆ ಅವಸರದಲ್ಲಿ ವಿಶ್ರಾಂತಿ ಎಲ್ಲಿದೆ? ಹತ್ತು ಸ್ಥಳಗಳನ್ನು ಒಂದೇ ದಿನದಲ್ಲಿ ಮುಗಿಸುವ ಹಟ ದಣಿವನ್ನು ಹೆಚ್ಚಿಸುತ್ತದೆಯೇ ಹೊರತು ಕಳೆಯುವುದಿಲ್ಲ. ಒಂದು ತೊರೆಯ ಬದಿಯಲ್ಲಿ ಅರ್ಧ ಗಂಟೆ ಮೌನವಾಗಿ ಕುಳಿತವನ ಮನಸ್ಸು ತಾನಾಗಿ ಹಗುರವಾಗುತ್ತದೆ. ಅವನಿಗೆ ತಿಳಿವಳಿಕೆಯೂ ಬೇಡವೆಂದರೂ ಬರುತ್ತದೆ.

‘ಪ್ರವಾಸಿಗರು ಬಂದರಲ್ಲವೇ ಅಲ್ಲಿನವರ ಜೀವನ ನಡೆಯುವುದು?’ ಎಂಬ ಇನ್ನೊಂದು ಮಾತೂ ಇದೆ. ಇದೂ ನಿಜ. ಚಹಾದ ಅಂಗಡಿಯವರು, ಊಟ ಬಡಿಸುವ ಮನೆಯವರು ನಮ್ಮ ಬರವನ್ನು ಎದುರುನೋಡುತ್ತಾರೆ. ಹಾಗಿದ್ದರೆ ತಿಂಡಿ ತೀರ್ಥಗಳನ್ನೆಲ್ಲ ಪೇಟೆಯಿಂದ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡು ಹೋಗಿ, ಅವರಿಗೆ ಕಸವನ್ನು ಮಾತ್ರ ಬಿಟ್ಟುಬರುವುದು ಯಾವ ನ್ಯಾಯ? ಹಿಂದೆ ಕರಾವಳಿಯ ಉಪ್ಪು, ಒಣಮೀನುಗಳು ಘಟ್ಟವನ್ನು ಹತ್ತುತ್ತಿದ್ದವು. ಮೇಲಿನ ಅಡಿಕೆ, ಮೆಣಸುಗಳು ಇಳಿಯುತ್ತಿದ್ದವು. ಅದು ಕೊಟ್ಟು ಕೊಳ್ಳುವ ಸಂಬಂಧ. ಇಂದಿನದು ಬರಿಯ ಕೊಳ್ಳುವ ಸಂಬಂಧವಾಗಬಾರದು.

ಬೆಟ್ಟವನ್ನು ಕೊಳ್ಳುವ ದೃಷ್ಟಿಯಿಂದ ನೋಡಿದರೆ ಏನಾಗುತ್ತದೆಂಬುದಕ್ಕೆ ಕಾರ್ಕಳದ ಮೂಡಣಕ್ಕಿರುವ ಕುದುರೆಮುಖವೇ ಸಾಕ್ಷಿ. ಕಬ್ಬಿಣದ ಅದಿರಿಗಾಗಿ 1976ರಲ್ಲಿ ಅಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. ಬೆಟ್ಟವನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಿದರು. ಒಂದು ಪಟ್ಟಣವೇ ಎದ್ದುನಿಂತಿತು. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವೆನಿಸಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ದುಡಿಯುವವರು ಹೊರಟುಹೋಗಿ ಪಟ್ಟಣ ಬರಿದಾಯಿತು. ಅದಿರನ್ನು ಅಗೆದವರಿಗೆ ನಾಡಿನ ಉದ್ಯಮವೆಂಬ ಕಾರಣವಾದರೂ ಇತ್ತು. ನೋಟವೊಂದನ್ನು ಕಸಿದುಕೊಂಡು ಕಸವನ್ನು ಬಿಟ್ಟುಬರುವವರಿಗೆ ಯಾವ ಕಾರಣವಿದೆ?

ಆದುದರಿಂದ ಘಟ್ಟಕ್ಕೆ ಹೋಗಬಾರದೆಂದಲ್ಲ. ಹೋಗಲೇಬೇಕು, ಆದರೆ ನೆಂಟರ ಮನೆಗೆ ಹೋಗುವಂತೆ ಹೋಗಬೇಕು. ಸಾಧ್ಯವಾದರೆ ಬಸ್ಸಿನಲ್ಲಿ ಹೋಗೋಣ. ಒಂದೇ ಸ್ಥಳವನ್ನು ಆರಿಸಿಕೊಂಡು ಸಾವಕಾಶವಾಗಿ ನೋಡೋಣ. ಊರಿನವರಲ್ಲಿ ಮಾತನಾಡಿ, ಅವರ ಅಂಗಡಿಯಲ್ಲಿ ಉಣ್ಣೋಣ. ಕೊಂಡುಹೋದ ಕಸವನ್ನು ಮರಳಿ ತರೋಣ. ಕೋತಿಗೆ ಅದರ ಕಾಡನ್ನೇ ಬಿಟ್ಟುಕೊಡೋಣ.

ಸಂಜೆ ಆಕಾಶ ತಿಳಿಯಾಗಿದ್ದರೆ ಆಗುಂಬೆಯ ಅಂಚಿನಿಂದ ಪಡುವಣದ ಕೊನೆಯಲ್ಲಿ ಕಡಲಿನ ಗೆರೆ ಹೊಳೆಯುವುದು ಕಾಣುತ್ತದೆ. ಆ ಗೆರೆಗೂ ನಾವು ನಿಂತ ಕಲ್ಲಿಗೂ ನಡುವೆ ಹರಡಿಕೊಂಡಿರುವುದು ನಮ್ಮದೇ ಊರುಗಳು, ನಮ್ಮದೇ ಗದ್ದೆಗಳು, ನಮ್ಮದೇ ಬಾವಿಗಳು. ಘಟ್ಟ ಬೇರೆ, ಕರಾವಳಿ ಬೇರೆ ಎಂದು ಭೂಪಟ ಹೇಳಬಹುದು. ನೀರು ಹಾಗೆ ಹೇಳುವುದಿಲ್ಲ. ಇದನ್ನು ಮನಗಂಡು ಇಳಿದವನಿಗೆ ಮಾತ್ರ ಆ ಒಂದು ದಿನ ಸಾರ್ಥಕ.